ಟೋಪಿಯ ಸುತ್ತು, ಕುಚ್ಚಿನ ಲೆಕ್ಕ: ಸಮಾಂತರ ಶ್ರೇಢಿಯ ಎರಡು ಪಾಠಗಳು

ಹತ್ತನೆಯ ತರಗತಿಯ ಸಮಾಂತರ ಶ್ರೇಢಿಯನ್ನು ನಾನು ಎರಡು ಶಾಲೆಗಳಲ್ಲಿ ಪಾಠ ಮಾಡಿದ್ದೇನೆ. ಮೊದಲನೆಯದು ಇಂಟರ್ನ್‌ಶಿಪ್‌ನ ಮೊದಲ ಹಂತದಲ್ಲಿ, ನಂಜನಗೂಡು ಪಟ್ಟಣದ ಒಂದು ಪ್ರೌಢಶಾಲೆಯಲ್ಲಿ. ಎರಡನೆಯದು ಮುಂದಿನ ಹಂತದಲ್ಲಿ, ತಿ. ನರಸೀಪುರ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ. ಎರಡು ಕಡೆಯೂ ಪಾಠೋಪಕರಣ ಒಂದೇ: ನಾನು ಬಿಡುವಿನಲ್ಲಿ ಹೆಣೆದ ಉಲ್ಲನ್ ವಸ್ತುಗಳು. ನಂಜನಗೂಡಿನ ಪಾಠವನ್ನು ನೋಡಿದವರೆಲ್ಲ ಚೆನ್ನಾಗಿತ್ತು ಎಂದರು. ಮಕ್ಕಳಿಗೆ ಗಣಿತ ಮಾತ್ರ ಬಂದಿರಲಿಲ್ಲ. ನರಸೀಪುರದ ಪಾಠದಲ್ಲಿ ನನ್ನಿಂದ ಒಂದು ತಪ್ಪಾಯಿತು. ಅದನ್ನು ಮುಚ್ಚಿಡದೆ ಬರೆಯಬೇಕೆನಿಸಿ, ಪಾಠಯೋಜನೆಯ ಪುಸ್ತಕವನ್ನೂ ದಿನಚರಿಯನ್ನೂ ಮುಂದಿಟ್ಟುಕೊಂಡು ಈ ಲೇಖನ ಬರೆಯುತ್ತಿದ್ದೇನೆ.

ಮೊದಲು ನನ್ನ ಹವ್ಯಾಸದ ಬಗ್ಗೆ ಎರಡು ಮಾತು. ಹೆಣಿಗೆಯನ್ನು ಕಲಿಸಿದವರು ನಮ್ಮಜ್ಜಿ. ನಮ್ಮ ಕಡೆ ಚಳಿ ಎಂದರೆ ಡಿಸೆಂಬರ್, ಜನವರಿಯ ಬೆಳಗಿನ ಜಾವ ಅಷ್ಟೇ. ಹಾಗಾಗಿ ಸ್ವೆಟರ್ ಹಾಕಿಕೊಡಿ ಎಂದು ಕೇಳುವವರು ಕಡಿಮೆ. ಹುಟ್ಟಿದ ಮಗುವಿಗೆ ಕುಲಾವಿ, ಬಾಣಂತಿಗೆ ಕಿವಿ ಮುಚ್ಚುವ ಸ್ಕಾರ್ಫು, ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋಗುವ ಮಾವನವರಿಗೆ ಮಫ್ಲರು, ಮೊಬೈಲ್ ಚೀಲ, ಬಾಗಿಲಿಗೆ ತೋರಣ, ಟೀಪಾಯಿಯ ಮೇಲೆ ಹಾಸುವ ದುಂಡು ಹಾಸು: ಇಷ್ಟೇ ನನ್ನ ಸಾಮ್ರಾಜ್ಯ. ಮಫ್ಲರನ್ನು ಎರಡು ಕಡ್ಡಿಯಲ್ಲಿ, ಒಂದು ಉಲ್ಟಾ ಒಂದು ಸೀದಾ ಎಂದು ಹೆಣೆಯುತ್ತೇನೆ. ಉಳಿದದ್ದೆಲ್ಲ ಕ್ರೋಶ ಕಡ್ಡಿಯದು.

ವಸ್ತುಗಳಿಗಿಂತ ನನಗೆ ಹೆಚ್ಚು ಇಷ್ಟ ಮಾದರಿಗಳನ್ನು ಹುಡುಕುವುದು. ಅಜ್ಜಿಯ ಹಳೆಯ ನೋಟ್‌ಬುಕ್ಕಿನಲ್ಲಿ ಅನಾನಸ್ ಮಾದರಿಯೊಂದಿತ್ತು, ಬರೀ ಅಂಕಿಗಳಲ್ಲಿ ಬರೆದದ್ದು. ಆಮೇಲೆ ಜಪಾನಿನ ನಕ್ಷೆಗಳು ಸಿಕ್ಕವು. ಅವುಗಳಲ್ಲಿ ಪ್ರತಿ ಹೊಲಿಗೆಗೂ ಒಂದು ಚಿಹ್ನೆ ಇರುವುದರಿಂದ ಭಾಷೆ ಬಾರದಿದ್ದರೂ ರಂಗೋಲಿಯ ಚುಕ್ಕಿ ಓದಿದಂತೆ ಓದಿಕೊಳ್ಳಬಹುದು. ಇಂಗ್ಲಿಷಿನ ಮಾದರಿಗಳಲ್ಲಿ ಮಾತ್ರ ಒಮ್ಮೆ ಮೋಸ ಹೋದೆ. ಅಮೆರಿಕದವರು ಸಿಂಗಲ್ ಕ್ರೋಶ ಎನ್ನುವುದನ್ನೇ ಬ್ರಿಟನ್ನಿನವರು ಡಬಲ್ ಕ್ರೋಶ ಎನ್ನುತ್ತಾರೆ. ಅದು ಗೊತ್ತಿಲ್ಲದೆ ಮಾಡಿದ ಕುಲಾವಿ ಮಗುವಿನ ಬದಲು ಅದರ ಅಪ್ಪನ ತಲೆಗೆ ಸರಿಹೋಯಿತು. ವ್ಯಾಖ್ಯೆ ಸರಿಯಾಗಿ ಹೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಗಣಿತದ ತರಗತಿಯಲ್ಲಿ ಈ ಉದಾಹರಣೆಯನ್ನು ಈಗಲೂ ಕೊಡುತ್ತೇನೆ.

ನನಗೆ ಎಲ್ಲಕ್ಕಿಂತ ಪ್ರಿಯವಾದ ಮಾದರಿ ಬಹಳ ಸರಳವಾದದ್ದು, ಚಪ್ಪಟೆ ವೃತ್ತ. ನೂಲಿನ ಒಂದು ಉಂಗುರ ಮಾಡಿ ಅದರೊಳಗೆ 6 ಸಿಂಗಲ್ ಕ್ರೋಶ ಹಾಕುವುದು. ಎರಡನೆಯ ಸುತ್ತಿನಲ್ಲಿ ಪ್ರತಿ ಹೊಲಿಗೆಯೊಳಗೂ ಎರಡೆರಡು, ಒಟ್ಟು 12. ಮೂರನೆಯ ಸುತ್ತಿನಲ್ಲಿ ಒಂದು ಬಿಟ್ಟು ಒಂದರಲ್ಲಿ ಎರಡು, ಅಂದರೆ 18. ನಾಲ್ಕನೆಯದರಲ್ಲಿ ಎರಡು ಬಿಟ್ಟು ಮೂರನೆಯದರಲ್ಲಿ ಎರಡು, 24. ಹೀಗೆ ಪ್ರತಿ ಸುತ್ತಿಗೂ 6 ಹೆಚ್ಚುತ್ತಾ ಹೋಗುತ್ತದೆ. ಕುಲಾವಿ, ಹಾಸು, ಚೀಲದ ತಳ ಎಲ್ಲವೂ ಇದರಿಂದಲೇ ಶುರುವಾಗುತ್ತವೆ. 6, 12, 18, 24 ಎಂದು ಎಣಿಸುತ್ತಾ ಕುಳಿತವಳಿಗೆ ಸಮಾಂತರ ಶ್ರೇಢಿಯ ಪಾಠ ಬಂದಾಗ ಬೇರೆ ಉಪಕರಣ ಹೊಳೆಯುವುದು ಸಾಧ್ಯವೇ ಇರಲಿಲ್ಲ.

ನಂಜನಗೂಡಿನಲ್ಲಿ

ಆ ದಿನ ಚೀಲದ ತುಂಬ ಸಿದ್ಧವಸ್ತುಗಳನ್ನು ಒಯ್ದಿದ್ದೆ. ಎರಡು ಕುಲಾವಿ, ಮಫ್ಲರು, ಮೂರು ಬಣ್ಣದ ಮೊಬೈಲ್ ಚೀಲ, 20 ಸುತ್ತಿನ ದುಂಡು ಹಾಸು. ಜೊತೆಗೆ ಸೋಮನಾಥಪುರದ ಕೇಶವ ದೇವಾಲಯದ ಗರ್ಭಗುಡಿಗಳ 16 ಮೂಲೆಯ ನಕ್ಷತ್ರದ ತಳವಿನ್ಯಾಸ ನೋಡಿ ನಾನೇ ರೂಪಿಸಿದ ಹಾಸು. ಮೇಜಿನ ಮೇಲೆ ಜೋಡಿಸಿದಾಗ ತರಗತಿಯೇ ಎದ್ದು ನಿಂತಿತು. ಒಂದೊಂದನ್ನೂ ಎತ್ತಿ ತೋರಿಸಿದೆ. ಎಷ್ಟು ದಿನ ಹಿಡಿಯಿತು, ಉಲ್ಲನ್ ಎಲ್ಲಿ ಸಿಗುತ್ತದೆ, ನನಗೂ ಒಂದು ಹಾಕಿಕೊಡಿ ಮಿಸ್ ಎಂದು ಇಪ್ಪತ್ತು ನಿಮಿಷ ಹೋಯಿತು. ಉಳಿದ ಹೊತ್ತಿನಲ್ಲಿ ಹಲಗೆಯ ಮೇಲೆ 6, 12, 18, 24 ಬರೆದು, ಮೊದಲ ಪದ, ಸಾಮಾನ್ಯ ವ್ಯತ್ಯಾಸ ಗುರುತಿಸಿ, ಎನ್‌ನೇ ಪದದ ಸೂತ್ರ ಬರೆದು ಮುಗಿಸಿದೆ. ಮೌಲ್ಯಮಾಪನದ ಐದು ನಿಮಿಷದಲ್ಲಿ 15ನೆಯ ಸುತ್ತಿನಲ್ಲಿ ಎಷ್ಟು ಹೊಲಿಗೆ ಎಂದು ಕೇಳಿದಾಗ ಅರ್ಧಕ್ಕಿಂತ ಹೆಚ್ಚು ಮಕ್ಕಳು ಪುಸ್ತಕ ಖಾಲಿ ಬಿಟ್ಟಿದ್ದರು.

ನಮ್ಮ ಮಾರ್ಗದರ್ಶಕ ಮೇಡಂ ಅವಲೋಕನ ಪುಸ್ತಕದಲ್ಲಿ ಎರಡೇ ಸಾಲು ಬರೆದರು. ಉಪಕರಣ ಬಹಳ ಆಕರ್ಷಕ. ಮಕ್ಕಳ ಕೈಗೆ ಏನು ಕೊಟ್ಟಿರಿ?

ಏನೂ ಕೊಟ್ಟಿರಲಿಲ್ಲ. ಕೊಡದಿದ್ದುದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಮುಂದಿನ ಬೆಂಚಿನ ಹುಡುಗನೊಬ್ಬ ಕುಲಾವಿ ಮುಟ್ಟಲು ಕೈ ಚಾಚಿದ್ದ. ಅವನ ಬೆರಳಿಗೆ ಮಸಿ ಅಂಟಿತ್ತು. ನಾನು ಕುಲಾವಿಯನ್ನು ಹಿಂದಕ್ಕೆ ಎಳೆದುಕೊಂಡೆ. ಅವನು ಏನೂ ಅನ್ನದೆ ಕೈಯನ್ನು ಚಡ್ಡಿಗೆ ಒರೆಸಿಕೊಂಡು ಕುಳಿತ. ಇದು ಯಾರ ಅವಲೋಕನದಲ್ಲೂ ದಾಖಲಾಗಿಲ್ಲ. ಮುಗಿದ ವಸ್ತು ಎಷ್ಟು ಚೆನ್ನಾಗಿದ್ದರೂ ಅದು ಟೀಚರಿನ ವಸ್ತು. ಅದರಲ್ಲಿ ಮಕ್ಕಳು ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ, ಹೊಗಳುವುದೊಂದನ್ನು ಬಿಟ್ಟು.

ಹಿಂದಿನ ಸಾಲಿನ ಹುಡುಗರು ಇದು ಹೆಣ್ಮಕ್ಕಳ ಕೆಲಸ ಎಂದು ಗೊಣಗಿದ್ದೂ ನೆನಪಿದೆ. ಕುರಿಯ ಉಣ್ಣೆಯಿಂದ ಕಂಬಳಿ ನೇಯುವವರಲ್ಲಿ ಗಂಡಸರೇ ಹೆಚ್ಚು ಎಂದು ಹೇಳಿ ಬಾಯಿ ಮುಚ್ಚಿಸಿದೆ. ಇದೇ ತಾಲ್ಲೂಕಿನ ಬದನವಾಳಿನಲ್ಲಿ ಗಾಂಧೀಜಿ ಬಂದುಹೋದ ಖಾದಿ ಕೇಂದ್ರವಿದೆ ಎಂದೂ ಹೇಳಿದೆ. ಅದೂ ಭಾಷಣವೇ ಆಯಿತು.

ನರಸೀಪುರದಲ್ಲಿ

ನಂಜನಗೂಡನ್ನು ಬಳಸಿ ಹರಿಯುವ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ನನ್ನ ಇಂಟರ್ನ್‌ಶಿಪ್ಪೂ ಹೊಳೆಯ ಜೊತೆಗೇ ಅಲ್ಲಿಗೆ ಹೋಯಿತು. ಈ ಸಲ ಚೀಲದಲ್ಲಿ ಮೂರೇ ತುಂಡುಗಳು. ಒಂದರಲ್ಲಿ ಪ್ರತಿ ಸುತ್ತಿಗೆ 4 ಹೊಲಿಗೆ ಮಾತ್ರ ಹೆಚ್ಚಿಸಿದ್ದೆ, ಅದು ಬಟ್ಟಲಿನಂತೆ ಗುಳಿ ಬಿದ್ದಿತ್ತು. ಇನ್ನೊಂದರಲ್ಲಿ 9 ಹೆಚ್ಚಿಸಿದ್ದೆ, ಅದು ಲಂಗದ ನಿರಿಗೆಯಂತೆ ಅಲೆಯಲೆಯಾಗಿ ಎದ್ದಿತ್ತು. ಮೂರನೆಯದು ನಂಜನಗೂಡಿಗೆ ಒಯ್ದಿದ್ದ ಅದೇ 20 ಸುತ್ತಿನ ಹಾಸು. ಮೂರನ್ನೂ ಮಕ್ಕಳ ಗುಂಪುಗಳಿಗೆ ಕೊಟ್ಟು, ಸುತ್ತುಗಳನ್ನು ಎಣಿಸಿ ಬರೆಯಿರಿ ಎಂದಷ್ಟೇ ಹೇಳಿದೆ.

ಎಣಿಸುವುದು ಸುಲಭವಲ್ಲ. ಹೊಲಿಗೆ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದೇ ಮೊದಲು ಜಗಳ. ಅಷ್ಟಾದ ಮೇಲೆ ಮೂರು ಗುಂಪಿನಿಂದ ಮೂರು ಶ್ರೇಢಿಗಳು ಬಂದವು. ಸಾಮಾನ್ಯ ವ್ಯತ್ಯಾಸ 4 ಆದರೆ ಬಟ್ಟಲು, 9 ಆದರೆ ನಿರಿಗೆ, 6 ಆದರೆ ಚಪ್ಪಟೆ. ವ್ಯತ್ಯಾಸ ಎನ್ನುವುದು ಸೂತ್ರದೊಳಗಿನ ಅಕ್ಷರವಲ್ಲ, ವಸ್ತುವಿನ ಆಕಾರ ಎಂದು ಕೈಗೇ ತಿಳಿಯಿತು. 6 ಯಾಕೆ ಎಂದು ಒಬ್ಬ ಕೇಳಿದ. ಈ ಪ್ರಶ್ನೆಗಾಗಿಯೇ ಕಾದಿದ್ದೆ. ಸಿಂಗಲ್ ಕ್ರೋಶದ ಹೊಲಿಗೆ ಎಷ್ಟು ಅಗಲವೋ ಹೆಚ್ಚುಕಡಿಮೆ ಅಷ್ಟೇ ಎತ್ತರ. ಒಂದು ಸುತ್ತು ಸೇರಿದರೆ ತ್ರಿಜ್ಯ ಒಂದು ಹೊಲಿಗೆಯಷ್ಟು ಬೆಳೆಯುತ್ತದೆ. ತ್ರಿಜ್ಯ 1 ಬೆಳೆದರೆ ಪರಿಧಿ ಎಷ್ಟು ಬೆಳೆಯಬೇಕು? ಎರಡು ಪೈ, ಅಂದರೆ 6.28. ಅದಕ್ಕೇ 6. ಎತ್ತರ ಸುಮಾರು ಎರಡರಷ್ಟಿರುವ ದೊಡ್ಡ ಹೊಲಿಗೆಗೆ ಮಾದರಿ ಪುಸ್ತಕಗಳು 12 ಹೆಚ್ಚಿಸಿ ಎನ್ನುವುದೂ ಇದೇ ಕಾರಣಕ್ಕೆ. ಅಜ್ಜಿಗೆ ಪೈ ಗೊತ್ತಿರಲಿಲ್ಲ, 6 ಗೊತ್ತಿತ್ತು.

ನಿರಿಗೆಯೆದ್ದ ತುಂಡನ್ನು ಮಕ್ಕಳು ಹಾಳಾದದ್ದು ಎಂದು ಪಕ್ಕಕ್ಕಿಟ್ಟಿದ್ದರು. ಲಾಟ್ವಿಯ ದೇಶದ ಡೈನಾ ತೈಮಿನಾ ಎಂಬ ಗಣಿತಜ್ಞೆ 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕ್ರೋಶದಲ್ಲಿಯೇ ಇಂತಹ ನಿರಿಗೆಯ ಮೇಲ್ಮೈ ಮಾಡಿ, ಯೂಕ್ಲಿಡನ ನಿಯಮ ನಡೆಯದ ಜ್ಯಾಮಿತಿಯನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟರು ಎಂದು ಹೇಳಿದೆ. ಅವರ ತುಂಡಿನಲ್ಲಿ ಹೊಲಿಗೆ ಹೆಚ್ಚುವುದು ಕೂಡಿಕೆಯ ಲೆಕ್ಕದಲ್ಲಲ್ಲ, ಗುಣಾಕಾರದ ಲೆಕ್ಕದಲ್ಲಿ. ಆದ್ದರಿಂದ ಅದು ಸಮಾಂತರ ಶ್ರೇಢಿಯಲ್ಲ. ಅಷ್ಟಕ್ಕೆ ನಿಲ್ಲಿಸಿದೆ.

ಕುಲಾವಿಯ ಲೆಕ್ಕವನ್ನು ಬಾಯಲ್ಲೇ ಮಾಡಿದೆವು. ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸುಮಾರು 35 ಸೆಂ.ಮೀ. ಹಾಗಾದರೆ ವ್ಯಾಸ ಸುಮಾರು 11 ಸೆಂ.ಮೀ. ನನ್ನ ಕೈಗೆ 10 ಸುತ್ತಿಗೆ ಅಷ್ಟು ವ್ಯಾಸ ಬರುತ್ತದೆ. 10ನೆಯ ಸುತ್ತಿನಲ್ಲಿ 60 ಹೊಲಿಗೆ. ಅಲ್ಲಿಂದ ಮುಂದೆ ಹೆಚ್ಚಿಸಬಾರದು, 60, 60, 60 ಎಂದು ಕೆಳಗಿಳಿಯಬೇಕು. ಇದೂ ಶ್ರೇಢಿಯಾ ಮಿಸ್ ಎಂದು ಒಬ್ಬಳು ಕೇಳಿದಳು. ಹೌದು, ವ್ಯತ್ಯಾಸ ಸೊನ್ನೆ. ಪುಸ್ತಕ ಓದಿ ಬಾಯಿಪಾಠ ಮಾಡುವಾಗ ಸೊನ್ನೆ ವ್ಯತ್ಯಾಸದ ಶ್ರೇಢಿ ಯಾರಿಗೂ ಬೇಕಾಗುವುದಿಲ್ಲ. ಟೋಪಿಗೆ ಬೇಕು.

ಮೊತ್ತದ ಪಾಠ

ಮರುದಿನ ಮೊತ್ತ. ಪಠ್ಯದಲ್ಲಿ ಬಾಲಕ ಗೌಸ್ 1ರಿಂದ 100ರವರೆಗೆ ಕೂಡಿದ ಕಥೆಯಿದೆ, ಹೂದೋಟದಲ್ಲಿ 23, 21, 19 ಎಂದು ಗುಲಾಬಿ ಗಿಡ ನೆಟ್ಟ ಲೆಕ್ಕವೂ ಇದೆ. ನಾನು ಹಾಸನ್ನು ಎತ್ತಿ ಹಿಡಿದು, 20 ಸುತ್ತಿಗೆ ಒಟ್ಟು ಎಷ್ಟು ಹೊಲಿಗೆ ಎಂದು ಕೇಳಿದೆ. 6 ಮತ್ತು 120 ಕೂಡಿದರೆ 126, 12 ಮತ್ತು 114 ಕೂಡಿದರೂ 126. ಅಂತಹ 10 ಜೋಡಿ, ಒಟ್ಟು 1260. ಇಷ್ಟು ಬೇಗನೆ ಬಂತು. ಆಮೇಲೆ ಕೇಳಿದೆ: ಈ ಹಾಸಿನ ಅರ್ಧ ನೂಲು ಯಾವ ಸುತ್ತಿಗೆ ಮುಗಿದಿರುತ್ತದೆ?

10ನೆಯ ಸುತ್ತಿಗೆ ಎಂದು ತರಗತಿ ಒಕ್ಕೊರಲಿನಿಂದ ಹೇಳಿತು. ಸರಿ, ಬಿಚ್ಚಿ ನೋಡೋಣ ಎಂದು ಹಾಸಿನ ತುದಿಯ ಗಂಟು ಕತ್ತರಿಸಿದೆ. ಅಯ್ಯೋ ಬೇಡ ಮಿಸ್ ಎಂದು ಕೂಗಿದರು. ನಂಜನಗೂಡಿನಲ್ಲಿ ಮುಟ್ಟಲೂ ಬಿಡದಿದ್ದ ಹಾಸು ಅದು. ಎರಡು ಸಂಜೆಯ ಕೆಲಸ, ಅಷ್ಟೇನೂ ದೊಡ್ಡದಲ್ಲ, ಆದರೂ ಒಂದು ಕ್ಷಣ ನನ್ನ ಕೈ ತಡೆಯಿತು. ಒಬ್ಬ ಹುಡುಗ ನೂಲಿನ ತುದಿ ಹಿಡಿದು ವರಾಂಡದುದ್ದಕ್ಕೂ ನಡೆದ. ಹೊರಗಿನ ಒಂದು ಸುತ್ತು ಬಿಚ್ಚಿದಾಗ 3 ಮೀಟರಿಗೂ ಹೆಚ್ಚು ನೂಲು ಬಂತು. ಅಳೆದರು: 3 ಮೀಟರ್ 36 ಸೆಂ.ಮೀ. 120 ಹೊಲಿಗೆಯಿಂದ ಭಾಗಿಸಿದರೆ ಹೊಲಿಗೆಗೆ 2.8 ಸೆಂ.ಮೀ. ಇಡೀ ಹಾಸಿಗೆ 1260 ಹೊಲಿಗೆ, ಹಾಗಾದರೆ ಸುಮಾರು 35 ಮೀಟರ್ ನೂಲು. ಬಿಚ್ಚುತ್ತಾ ಹೋದೆವು. 19, 18, 17. ಪ್ರತಿ ಸುತ್ತಿಗೂ ಒಬ್ಬೊಬ್ಬರು ಹಲಗೆಯ ಮೇಲೆ ಕೂಡುತ್ತಿದ್ದರು. 120, 234, 342, 444, 540, 630. ಆರೇ ಸುತ್ತು ಬಿಚ್ಚಿದ್ದೆವು. ಅರ್ಧ ನೂಲು ಹೊರಗೆ ಬಂದಿತ್ತು. ಕೈಯಲ್ಲಿ ಇನ್ನೂ 14 ಸುತ್ತಿನ ಹಾಸಿತ್ತು.

ಸೂತ್ರದಲ್ಲಿ ನೋಡಿದರೆ ಎನ್ ಸುತ್ತಿನ ಮೊತ್ತ 3 × ಎನ್ × (ಎನ್ + 1). 20 ಸುತ್ತಿಗೆ 1260, 14 ಸುತ್ತಿಗೆ ಸರಿಯಾಗಿ 630. ಒಂದು ಹೊಲಿಗೆಯೂ ಹೆಚ್ಚುಕಡಿಮೆಯಿಲ್ಲ. ಇಷ್ಟು ಚೊಕ್ಕವಾಗಿ ಬರುವ ಸಂಖ್ಯೆಯನ್ನು ಹುಡುಕಲು ನಾನು ಹಿಂದಿನ ರಾತ್ರಿ ಸಾಕಷ್ಟು ಹೊತ್ತು ಕುಳಿತಿದ್ದೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಉಳಿದ ಹಾಸು ಇನ್ನೂ ಇಷ್ಟು ದೊಡ್ಡದಿದೆ, ಅರ್ಧ ಹೇಗಾಗುತ್ತದೆ ಎಂದು ಹುಡುಗನೊಬ್ಬ ಒಪ್ಪಲಿಲ್ಲ. ತ್ರಿಜ್ಯ 20ರಿಂದ 14ಕ್ಕೆ ಇಳಿದರೆ ವಿಸ್ತೀರ್ಣ 400ರಿಂದ 196ಕ್ಕೆ ಇಳಿಯುತ್ತದೆ ಎಂದು ಪಕ್ಕದವನೇ ಅವನಿಗೆ ಹೇಳಿಕೊಟ್ಟ.

ಇಲ್ಲಿಯವರೆಗೆ ಪಾಠ ನನ್ನ ಯೋಜನೆಯಂತೆ ನಡೆದಿತ್ತು.

ತಪ್ಪಾದದ್ದು

ಬಿಚ್ಚಿದ ನೂಲು ಹಿಂದಿನ ಬೆಂಚಿನ ಒಬ್ಬ ಹುಡುಗಿಯ ಹತ್ತಿರ ರಾಶಿ ಬಿದ್ದಿತ್ತು. ಉಳಿದವರು ಅದನ್ನು ಉಂಡೆ ಸುತ್ತಲು ಹೋಗಿ ಗೋಜಲು ಮಾಡುತ್ತಿದ್ದರೆ, ಅವಳು ಹೆಬ್ಬೆರಳು ಮತ್ತು ಕಿರುಬೆರಳ ನಡುವೆ ಎಂಟರ ಆಕಾರದಲ್ಲಿ, ನೋಡದೆಯೇ, ಸರಸರನೆ ಸುತ್ತುತ್ತಿದ್ದಳು. ನೂಲಿನ ಕೆಲಸ ಮಾಡಿ ಪಳಗಿದ ಕೈ ಎಂದು ನೋಡಿದ ತಕ್ಷಣ ಗೊತ್ತಾಗುತ್ತದೆ. ನನಗೆ ಖುಷಿಯಾಯಿತು. ನಿನಗೆ ಕ್ರೋಶ ಬರುತ್ತಾ, ಬಾ ಮುಂದೆ, ಎಲ್ಲರಿಗೂ ಒಂದು ಸುತ್ತು ಹಾಕಿ ತೋರಿಸು ಎಂದು ಕರೆದೆ.

ಅವಳು ಏಳಲಿಲ್ಲ. ಪಕ್ಕದ ಸಾಲಿನಿಂದ ಒಬ್ಬ, “ಅವ್ರ ಮನೇಲಿ ಕುಚ್ಚು ಕಟ್ತಾರೆ ಮಿಸ್, ರಾತ್ರಿ ಎಲ್ಲಾ ಅದೇ ಕೆಲ್ಸ” ಎಂದ. ನಾಲ್ಕೈದು ಜನ ನಕ್ಕರು. ಅವಳು ನೂಲನ್ನು ಬೆಂಚಿನ ಮೇಲಿಟ್ಟು, “ನಂಗ್ ಬರಲ್ಲ ಮಿಸ್” ಎಂದಳು. ಮರುದಿನ ಶಾಲೆಗೆ ಬರಲಿಲ್ಲ.

ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದು ಈ ಕಡೆ ಎಷ್ಟೋ ಮನೆಗಳಲ್ಲಿ ಹೆಂಗಸರ ಸಂಪಾದನೆ. ತಿ. ನರಸೀಪುರದಲ್ಲಿ ರೇಷ್ಮೆ ಉದ್ಯಮಗಳ ನಿಗಮದ ನೂಲು ತೆಗೆಯುವ ಕಾರ್ಖಾನೆ ಇದೆ. ನೇಯ್ಗೆ ನಡೆಯುವುದು ಮೈಸೂರಿನಲ್ಲಿ, 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಕಾರ್ಖಾನೆಯಲ್ಲಿ. ಸೀರೆ ಕೊಂಡವರು ಕುಚ್ಚಿಗೆ ಕೊಡುವುದು ಮಾತ್ರ ಹೊಲಿಗೆ ಅಂಗಡಿಗೆ. ಅಂಗಡಿಯವರು ಮನೆಮನೆಗೆ ಹಂಚುತ್ತಾರೆ. ಲಗ್ನದ ಕಾಲದಲ್ಲಿ ರಾತ್ರಿ ಬೆಳಗಾಗುವವರೆಗೂ ಕೆಲಸ. ಶಾಲೆಯ ಗಣಿತ ಮೇಷ್ಟ್ರನ್ನು ವಿಚಾರಿಸಿದೆ. ಆ ಹುಡುಗಿ ಮನೆಲೆಕ್ಕ ಮಾಡಿ ತರುವುದೇ ಇಲ್ಲ, ಯಾಕೆಂದು ಕೇಳಿದರೆ ಬಾಯಿ ಬಿಡುವುದಿಲ್ಲ ಎಂದರು. ಅವಳು ಒಂದೂವರೆ ವರ್ಷದಿಂದ ಮುಚ್ಚಿಟ್ಟುಕೊಂಡು ಬಂದದ್ದನ್ನು ನಾನು ಒಂದೇ ಮಾತಿನಲ್ಲಿ ತರಗತಿಯ ನಡುವೆ ತಂದಿಟ್ಟಿದ್ದೆ. ನನಗೆ ಹವ್ಯಾಸ, ಅವಳಿಗೆ ಅಕ್ಕಿ ಬೇಳೆ. ಕಡ್ಡಿ ಒಂದೇ ಆದ ಮಾತ್ರಕ್ಕೆ ಇಬ್ಬರದೂ ಒಂದೇ ಎಂದುಕೊಂಡಿದ್ದೆ.

ಎರಡು ದಿನ ಬಿಟ್ಟು ಬಂದಳು. ನಾನು ಕ್ಷಮಿಸು ಎಂದೆ, ಹೆಚ್ಚು ಮಾತಾಡಲಿಲ್ಲ. ವಾರ ಕಳೆದ ಮೇಲೆ, ಕೊನೆಯ ಗಂಟೆ ಹೊಡೆದು ಎಲ್ಲರೂ ಹೋದ ಮೇಲೆ, ಬಾಗಿಲ ಬಳಿ ನಿಂತಿದ್ದಳು.

“ಮಿಸ್, ಆ ಕೂಡೋ ಲೆಕ್ಕ ಗೋಪುರಕ್ಕೂ ಆಗುತ್ತಾ?”

ಗೋಪುರ ಎಂದರೆ ಅವರ ಮನೆಯಲ್ಲಿ ಹಾಕುವ ಕ್ರೋಶ ಕುಚ್ಚಿನ ತಲೆಯ ಭಾಗ. ಸೆರಗಿನ ಅಂಚಿಗೆ 7 ಹೊಲಿಗೆ, ಅದರ ಕೆಳಗೆ 6, ಆಮೇಲೆ 5, ಹೀಗೆ 1ಕ್ಕೆ ಬಂದು ಅಲ್ಲಿಂದ ಕುಚ್ಚು ಇಳಿಬೀಳುತ್ತದೆ. ಆಗುತ್ತೆ ಎಂದೆ. ವ್ಯತ್ಯಾಸ ಋಣ 1, ಮೊತ್ತ 28. ಒಂದು ಸೆರಗಿಗೆ ಎಷ್ಟು ಗೋಪುರ? 40. ಹಾಗಾದರೆ 1120 ಹೊಲಿಗೆ. ಅವಳು ಅಷ್ಟಕ್ಕೆ ಬಂದವಳಲ್ಲ. ಒಂದು ಸೀರೆಯವರು 7ರ ಬದಲು 9ರ ಗೋಪುರ ಬೇಕು ಎಂದಿದ್ದರು, ಕೂಲಿ ಅಷ್ಟೇ. “ಎರಡೇ ಹೊಲಿಗೆ ಜಾಸ್ತಿ ತಾನೆ ಅಂತಾರೆ ಮಿಸ್. ನಮ್ಮವ್ವ ಸುಮ್ಮನಾಗ್ತಾಳೆ.”

ನನಗೆ ಉತ್ಸಾಹ ಬಂತು. 9ರಿಂದ 1ರವರೆಗೆ ಕೂಡಿದರೆ 45. 40 ಗೋಪುರಕ್ಕೆ 1800. ನೋಡು, 1120 ಎಲ್ಲಿ, 1800 ಎಲ್ಲಿ, ಅರ್ಧಕ್ಕಿಂತ ಹೆಚ್ಚು ಕೆಲಸ ಜಾಸ್ತಿ ಎಂದೆ. ಅವಳು ಹಲಗೆಯನ್ನು ನೋಡುತ್ತಾ ನಿಂತಳು. ಆಮೇಲೆ ಬಹಳ ಮೆಲ್ಲಗೆ, “40 ಹಿಡಿಯಲ್ಲ ಮಿಸ್” ಎಂದಳು. “ಅಗಲ ಜಾಸ್ತಿ ಆಯ್ತಲ್ಲ. ಸೆರಗು ಅಷ್ಟೇ ಇರುತ್ತೆ. 31 ಬರ್ತವೆ.”

ಸೆರಗಿನಂಚಿಗೆ 40 × 7, ಅಂದರೆ 280 ಹೊಲಿಗೆ. ಅದನ್ನು 9ರಿಂದ ಭಾಗಿಸಿದರೆ 31, ಒಂದು ಹೊಲಿಗೆ ಉಳಿಯುತ್ತದೆ. 31 × 45 = 1395. ಕೆಲಸ ಹೆಚ್ಚುವುದು ನಾನು ಹೇಳಿದಷ್ಟಲ್ಲ, ಸುಮಾರು ಕಾಲು ಭಾಗ. ನನ್ನ 1800 ಹಿಡಿದುಕೊಂಡು ಅವಳ ತಾಯಿ ಅಂಗಡಿಗೆ ಹೋಗಿದ್ದರೆ ಒಂದೇ ಮಾತಿಗೆ ನಗೆಪಾಟಲಾಗುತ್ತಿದ್ದರು. ಸೂತ್ರ ನನ್ನದು ಸರಿಯಿತ್ತು. ಸೆರಗು ನನಗೆ ಗೊತ್ತಿರಲಿಲ್ಲ.

ಆ ರಾತ್ರಿ ರೂಮಿನಲ್ಲಿ ಕುಳಿತು ಇನ್ನೊಂದು ಸಲ ಬರೆದು ನೋಡಿದೆ. ತಳ ಎನ್ ಆದರೆ ಗೋಪುರಗಳು 280 ಭಾಗಿಸು ಎನ್. ಒಂದರ ಮೊತ್ತ ಎನ್ × (ಎನ್ + 1) ರ ಅರ್ಧ. ಗುಣಿಸಿದರೆ 140 × (ಎನ್ + 1). ಅಂದರೆ 7ರಿಂದ 9ಕ್ಕೆ ಹೋದರೆ ಕೆಲಸ 8ಕ್ಕೆ 10ರಂತೆ ಏರುತ್ತದೆ. 100 ರೂಪಾಯಿಯ ಕೆಲಸಕ್ಕೆ 125 ಕೇಳಬೇಕು. ಗೋಪುರ ಕಡಿಮೆಯಾದಾಗ ಕೆಳಗಿನ ಕುಚ್ಚುಗಳೂ 40ರಿಂದ 31ಕ್ಕೆ ಇಳಿಯುತ್ತವೆ, ಆ ಕೆಲಸ ಉಳಿಯುತ್ತದೆ ಎಂಬುದನ್ನು ಮತ್ತೆ ಅವಳೇ ಹೇಳಬೇಕಾಯಿತು.

ಈ ಲೆಕ್ಕವನ್ನು ತರಗತಿಗೆ ತರಲೇ ಎಂದು ಅವಳನ್ನು ಕೇಳಿದೆ. ಸ್ವಲ್ಪ ಯೋಚಿಸಿ, ಕುಚ್ಚು ಅನ್ನಬೇಡಿ ಎಂದಳು. ಹಾಗಾಗಿ ಅದನ್ನು ಬಾಗಿಲ ತೋರಣದ ಲೆಕ್ಕ ಮಾಡಿದೆ. 280 ಹೊಲಿಗೆಯ ಪಟ್ಟಿ, ಅದರಿಂದ ಇಳಿಬಿದ್ದ ತ್ರಿಕೋನಗಳು. ಹಲಗೆಯ ಮೇಲೆ ನನ್ನ ಹಳೆಯ ತಪ್ಪನ್ನು ಹಾಗೆಯೇ ಬರೆದೆ: 40 × 45 = 1800. ಸರಿಯಾ ಎಂದು ಕೇಳಿ ಸುಮ್ಮನೆ ನಿಂತೆ. ಎಲ್ಲರೂ ಸರಿ ಎಂದರು. ಹಿಂದಿನ ಬೆಂಚಿನಿಂದ ಒಂದು ಕೈ ಮೇಲೆ ಬಂತು. ಅವಳು ಎದ್ದು ನಿಂತು 31 ಯಾಕೆ ಎಂದು ವಿವರಿಸಿದಳು. ಈ ಸಲ ಯಾರೂ ನಗಲಿಲ್ಲ. ಮೊದಲು ನಕ್ಕಿದ್ದ ಹುಡುಗನೇ ಉಳಿದ ಒಂದು ಹೊಲಿಗೆಯನ್ನು ಏನು ಮಾಡುವುದು ಎಂದು ಕೇಳಿದ. ಎರಡು ತುದಿಗೆ ಸ್ವಲ್ಪ ಸ್ವಲ್ಪ ಬಿಟ್ಟುಕೊಳ್ಳಬೇಕು ಎಂದಳು.

ಚರ್ಚೆಗೆ ಬಂದ ಮಾತು

ಹಿಮ್ಮಾಹಿತಿ ಸಭೆಯಲ್ಲಿ ಇದನ್ನು ಹೇಳಿದಾಗ, ಆ ಹುಡುಗಿಯ ಅನುಭವವನ್ನು ಪಾಠಯೋಜನೆಯ ಪೂರ್ವಜ್ಞಾನದ ಕಾಲಂನಲ್ಲೇ ಬರೆಯಬಹುದಿತ್ತಲ್ಲ ಎಂದು ಸಹಪಾಠಿಯೊಬ್ಬರು ಕೇಳಿದರು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಾಲೆಯ ಹೊರಗಿನ ಬದುಕಿನ ಜೊತೆ ಜ್ಞಾನವನ್ನು ಜೋಡಿಸಿ ಎನ್ನುತ್ತದೆ. ನಾವೂ ಪ್ರತಿ ಪಾಠದಲ್ಲಿ ಪರಿಸರದ ಉದಾಹರಣೆ ಎಂದು ಬರೆಯುತ್ತೇವೆ. ಆದರೆ ಪರಿಸರ ಎನ್ನುವುದು ಯಾರದೋ ಮನೆಯೂ ಹೌದು. ಬಾಳೆತೋಟ, ಹೊಳೆ, ಜಾತ್ರೆಯ ಉದಾಹರಣೆ ಕೊಟ್ಟಂತೆ ಒಂದು ಮಗುವಿನ ರಾತ್ರಿಯ ದುಡಿಮೆಯನ್ನು ಉದಾಹರಣೆ ಮಾಡಲಾಗುವುದಿಲ್ಲ. ಕೇಳಿ, ಅವರು ಒಪ್ಪಿದರೆ, ಅವರು ಒಪ್ಪಿದ ರೂಪದಲ್ಲಿ ಮಾತ್ರ.

1937ರ ವಾರ್ಧಾ ಸಮ್ಮೇಳನದ ಬಗ್ಗೆ, ಝಾಕಿರ್ ಹುಸೇನ್ ಸಮಿತಿಯ ಮೂಲಶಿಕ್ಷಣದ ಬಗ್ಗೆ ನಾವೆಲ್ಲ ಪರೀಕ್ಷೆಗೆ ಬರೆದವರೇ. ಕೈಕಸುಬಿನ ಮೂಲಕ ಕಲಿಕೆ ಎಂಬ ಅದರ ತಿರುಳನ್ನು ನಾನು ನಂಬುತ್ತೇನೆ, ನಮ್ಮ 14ನೆಯ ಸುತ್ತೇ ಸಾಕ್ಷಿ. ಮಕ್ಕಳ ಉತ್ಪನ್ನದಿಂದಲೇ ಶಾಲೆಯ ಖರ್ಚು ತೂಗಿಸಬೇಕೆಂಬ ಅದರ ಇನ್ನೊಂದು ಆಸೆಯನ್ನು ಆಗಲೇ ಹಲವರು ಪ್ರಶ್ನಿಸಿದ್ದರು. ಆ ಪ್ರಶ್ನೆ ಯಾಕೆ ಮುಖ್ಯ ಎಂದು ಈ ಹುಡುಗಿಯ ಕೆಂಪಾದ ಕಣ್ಣು ನೋಡಿದ ಮೇಲೆ ನನಗೆ ಅರ್ಥವಾಯಿತು. ಅವಳ ಮನೆಲೆಕ್ಕದ ವಿಷಯವಾಗಿ ಮೇಷ್ಟ್ರ ಜೊತೆ ಮಾತಾಡಿ, ಮಧ್ಯಾಹ್ನ ಊಟದ ನಂತರ ಶಾಲೆಯಲ್ಲೇ ಮಾಡಿ ಮುಗಿಸುವಂತೆ ಏರ್ಪಾಡಾಯಿತು. ಇನ್ನೂ ಐದಾರು ಮಕ್ಕಳು ತಾವಾಗಿಯೇ ಅಲ್ಲಿಗೆ ಬಂದು ಕುಳಿತರು. ಅವರ ಮನೆಯಲ್ಲಿ ಏನು ಕೆಲಸ ಎಂದು ನಾನು ಕೇಳಲಿಲ್ಲ.

ಈ ಪಾಠ ಮಾಡಬಯಸುವ ಪ್ರಶಿಕ್ಷಣಾರ್ಥಿ ಮಿತ್ರರಿಗೆ ಕೆಲವು ಉಪಯೋಗದ ಮಾತು. ತೆಳು ಬಣ್ಣದ, ಸ್ವಲ್ಪ ದಪ್ಪ ನೂಲು ತೆಗೆದುಕೊಳ್ಳಿ. ಕಪ್ಪು, ಕಡುನೀಲಿಯಲ್ಲಿ ಹೊಲಿಗೆ ಎಣಿಸಲು ಆಗುವುದಿಲ್ಲ. ಪ್ರತಿ ಸುತ್ತಿನ ಆರಂಭಕ್ಕೆ ಬೇರೆ ಬಣ್ಣದ ಚೂರು ನೂಲು ಕಟ್ಟಿ. ಕ್ರೋಶ ಬಾರದವರು ಬರುವವರಿಂದ ಹಾಕಿಸಿಕೊಂಡರೂ ಆದೀತು, ಆದರೆ ಬಿಚ್ಚುವುದನ್ನು ಮಕ್ಕಳಿಂದಲೇ ಮಾಡಿಸಿ. ಉಂಗುರವನ್ನು ಬಿಗಿಯಾಗಿ ಎಳೆದು ಕಟ್ಟಿರಬೇಕು, ಇಲ್ಲದಿದ್ದರೆ ನಡುವೆ ತೂತು ಬಿದ್ದು ಮೊದಲ ಸುತ್ತಿನ 6 ಹೊಲಿಗೆಯೇ ಕಾಣುವುದಿಲ್ಲ. ಎರಡು ಅವಧಿ ಬೇಕೇ ಬೇಕು, 40 ನಿಮಿಷಕ್ಕೆ ಮುಗಿಯುವ ಪಾಠವಲ್ಲ.

ನಾನು ಹೊರಡುವ ವಾರದಲ್ಲಿ ಅವಳೇ ಬಂದು ಹೇಳಿದಳು: ಸೀರೆಯವರು ಕೂಲಿ ಹೆಚ್ಚಿಸಲಿಲ್ಲವಂತೆ, 9 ಬೇಡ 7ರದ್ದೇ ಇರಲಿ ಎಂದರಂತೆ. ಅವ್ವ ಲೆಕ್ಕದ ಚೀಟಿಯನ್ನು ದಾರದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾಳೆ ಎಂದಳು. 14 ಸುತ್ತಿನ ಹಾಸನ್ನು ಶಾಲೆಯ ಗಣಿತ ಕಿಟ್ಟಿನೊಳಗೆ ಬಿಟ್ಟು ಬಂದೆ. ಮುಂದಿನ ವರ್ಷದವರು ಬಿಚ್ಚಿಕೊಳ್ಳಲಿ ಎಂದು ತುದಿಗೆ ಗಂಟು ಹಾಕಿಲ್ಲ.